ಹುಯಿಯಾ ಮತ್ತು ಏಳನೇ ಯಂತ್ರದ ಗಿರಾಕಿ

ಹುಯಿಯಾ ಪೋತಕಾ ಆಗಷ್ಟೇ ಮುಚ್ಚಳ ತೆಗೆದ ಹಾಲಿನ ಬಾಟಲಿಯನ್ನೂ ಒಮ್ಮೆ ಮೂಸದೆ ಚಹಾಕ್ಕೆ ಹಾಕುವವಳಲ್ಲ. ಅಂಗಡಿಯಲ್ಲಿ ಮೊಟ್ಟೆಯ ಪೆಟ್ಟಿಗೆ ತೆರೆದು ಹನ್ನೆರಡನ್ನೂ ಒಂದೊಂದಾಗಿ ಎತ್ತಿ ತಳ ನೋಡುತ್ತಾಳೆ. ಲಾರಿ ಓಡಿಸುವ ಗಂಡ ಮಾತಿಯು, "ಇವತ್ತೆಲ್ಲ ಮನೇಲೇ ಇದ್ದೆ" ಎಂದರೆ ಅಂಗಳಕ್ಕೆ ಹೋಗಿ ಲಾರಿಯ ಮೂತಿಯ ಮೇಲೆ ಅಂಗೈ ಇಟ್ಟು, ಬಿಸಿ ಇದೆಯೋ ಇಲ್ಲವೋ ನೋಡಿ ಬರುತ್ತಾಳೆ. ಮಾತಿಯುವಿಗೆ ಇದರಿಂದ ಬೇಸರವಿಲ್ಲ. "ನಮ್ಮನೇಗೆ ನಾಯಿ ಬೇಡ, ಇವಳಿದ್ದಾಳೆ" ಎಂದು ಊರೆಲ್ಲ ಹೇಳಿಕೊಂಡು ನಗುತ್ತಾನೆ.

ಈ ಗುಣ ಅವಳಿಗೆ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಬಂದದ್ದೋ ನನಗೆ ತಿಳಿಯದು. ನಮ್ಮ ವೈಪುನಾ ಊರಿನ ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಅವಳು ಕುರಿಯ ತೊಗಲುಗಳನ್ನು ದೀಪದ ಕೆಳಗೆ ಹರವಿ ದೋಷ ಹುಡುಕಿದವಳು. ಕಚ್ಚಿದ ಗಾಯ, ಮುಳ್ಳಿನ ತೂತು, ಚಾಕು ತಪ್ಪಿದ ಗೆರೆ. ಒಳ್ಳೆಯದನ್ನು ಹುಡುಕು ಎಂದು ಯಾರೂ ಹೇಳಲಿಲ್ಲ. ಕೆಟ್ಟದ್ದನ್ನು ಹುಡುಕುವುದಕ್ಕೇ ಸಂಬಳ. ಆ ವಿಭಾಗ ಮುಚ್ಚಿದಾಗ ಅವಳಿಗೆ ಐವತ್ತೊಂದು. ನಾನು ಅಡುಗೆ ಮಾಡುತ್ತಿದ್ದ 'ಸ್ಟೇಶನ್ ಗೇಟ್' ಪಬ್ಬಿಗೆ ಬಂದು ಸೇರಿದಳು.

ನಮ್ಮಲ್ಲಿ ಬಾರಿನ ಪಕ್ಕಕ್ಕೆ ಒಂದು ಕೋಣೆ, ಅದರಲ್ಲಿ ಒಂಬತ್ತು ಪೋಕಿ ಯಂತ್ರಗಳು. ದುಡ್ಡು ತೂರಿಸಿ ಗುಂಡಿ ಒತ್ತಿದರೆ ಪರದೆಯ ಮೇಲೆ ಚಿತ್ರಗಳು ತಿರುಗಿ ನಿಲ್ಲುತ್ತವಲ್ಲ, ಅವು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಆ ಕೋಣೆ ಹುಯಿಯಾಳದು. ಗೆದ್ದವರಿಗೆ ದುಡ್ಡು ಕೊಡುವುದು, ಗಂಟೆಗೆ ಮೂರು ಸಲ ಕೋಣೆಯನ್ನು ಸುತ್ತಿ ಆಡುವವರ ಮುಖ ನೋಡುವುದು, ನೋಡಿದ್ದನ್ನು ಒಂದು ಪುಸ್ತಕದಲ್ಲಿ ಬರೆಯುವುದು. ನನ್ನ ಅಡುಗೆಮನೆಯ ಕಿಟಕಿ ಆ ಕೋಣೆಗೇ ತೆರೆಯುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಇನ್ನರ್ಧ ಅವಳೇ ಹೇಳಿದ್ದು.

ಯಂತ್ರಗಳ ಒಡೆತನದ ಟ್ರಸ್ಟಿನವರು ವರ್ಷಕ್ಕೊಮ್ಮೆ ನಮಗೆ ಪಾಠ ಹೇಳಲು ಯಾರನ್ನಾದರೂ ಕಳಿಸುತ್ತಾರೆ. ಆ ವರ್ಷ ಬಂದವಳು ಇಮೋಜೆನ್ ಎಂಬ ತೆಳ್ಳಗಿನ ಹುಡುಗಿ. ಪ್ಲಾಸ್ಟಿಕ್ ಹೊದಿಸಿದ ಒಂದೊಂದು ಕಾರ್ಡು ಎಲ್ಲರಿಗೂ ಕೊಟ್ಟಳು. ಆಟ ಕೈಮೀರಿದವನನ್ನು ಗುರುತಿಸುವುದು ಹೇಗೆ ಎಂದು ಒಂದು ಬದಿಯಲ್ಲಿ. ಎದ್ದು ಹೋಗದೆ ಗಂಟೆಗಟ್ಟಲೆ ಕೂರುತ್ತಾನೆ, ಮತ್ತೆ ಮತ್ತೆ ಎಟಿಎಮ್ಮಿಗೆ ಹೋಗುತ್ತಾನೆ, ಊಟ ಬಿಡುತ್ತಾನೆ, ಯಂತ್ರದ ಜೊತೆ ಮಾತಾಡುತ್ತಾನೆ, ಅದಕ್ಕೆ ಗುದ್ದುತ್ತಾನೆ, ಸಾಲ ಕೇಳುತ್ತಾನೆ, ತಾನು ಇಲ್ಲಿದ್ದದ್ದು ಯಾರಿಗೂ ಹೇಳಬೇಡಿ ಎನ್ನುತ್ತಾನೆ. ಇನ್ನೊಂದು ಬದಿಯಲ್ಲಿ, ಅಂಥವನ ಹತ್ತಿರ ಹೋಗಿ ಏನು ಮಾತಾಡಬೇಕು ಎಂದು.

"ನಮ್ಮ ದೊಡ್ಡಮ್ಮನ ಮಗನೇ ಕೂತಿದ್ರೆ ಏನು ಕೇಳೋದು?" ಎಂದಳು ಹುಯಿಯಾ.

"ಅದೇ ಮಾತು, ಹುಯಿಯಾ. ಎಲ್ಲರಿಗೂ ಒಂದೇ."

"ಅವನು ಸೀದಾ ನಮ್ಮಮ್ಮನ ಹತ್ರ ಹೋಗಿ ದೂರು ಹೇಳ್ತಾನೆ. ಆಮೇಲೆ ನಮ್ಮಮ್ಮ ಕೋಲು ಹಿಡ್ಕೊಂಡು ಬಂದು ನನ್ನನ್ನ ಕೇಳ್ತಾಳೆ, ಹೇಗಿದ್ದೀಯಾ ಅಂತ."

ಎಲ್ಲರೂ ನಕ್ಕೆವು. ಇಮೋಜೆನ್ ಕೂಡ ನಕ್ಕಳು. ನಿಜ ಹೇಳಬೇಕೆಂದರೆ ನಾವು ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಪುಸ್ತಕದಲ್ಲಿ ಪ್ರತಿ ಸಾಲಿನಲ್ಲೂ 'ಎಲ್ಲರೂ ಆರಾಮ' ಎಂದಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮಧ್ಯಾಹ್ನದವರೆಗಿನ ಸಾಲುಗಳನ್ನು ತುಂಬಿಸಿಟ್ಟಿರುತ್ತಿದ್ದ ದಿನಗಳೂ ಉಂಟು.

ಹೀಗಿರುವಾಗ ಮೇ ತಿಂಗಳಲ್ಲಿ ಸುದ್ದಿ ಬಂತು. ನದಿಯಾಚೆಯ ಊರಿನ ಒಂದು ಪಬ್ಬಿಗೆ ಸರ್ಕಾರದ ಪರೀಕ್ಷಕರು ಗಿರಾಕಿಗಳ ವೇಷದಲ್ಲಿ ಬಂದು, ಗಂಟೆಗಟ್ಟಲೆ ಆಡಿ, ಯಾರೂ ತಮ್ಮನ್ನು ಮಾತಾಡಿಸಲಿಲ್ಲವೆಂದು ಬರೆದುಕೊಂಡು ಹೋಗಿದ್ದರು. ಆ ಪಬ್ಬಿನ ಯಂತ್ರಗಳನ್ನು ಹತ್ತು ದಿನ ನಿಲ್ಲಿಸಿಬಿಟ್ಟಿದ್ದರು. ನಮ್ಮ ಮ್ಯಾನೇಜರ್ ರಸ್ಸೆಲ್ ಬೆವರುತ್ತಾ ಅಡುಗೆಮನೆಗೆ ಬಂದ.

"ಮುಂದಿನ ಸರದಿ ನಮ್ಮದೇ. ಯಾರು ಬೇಕಾದ್ರೂ ಆಗಿರಬಹುದು. ಹುಯಿಯಾ, ನಿನ್ನ ಕಣ್ಣು ಇರೋದು ಇನ್ಯಾತಕ್ಕೆ?"

"ನಂಗೆ ಬಿಡು," ಎಂದಳು ಹುಯಿಯಾ. ಇಪ್ಪತ್ತೊಂದು ವರ್ಷದ ಕೆಲಸ ಮತ್ತೆ ಕೈಗೆ ಸಿಕ್ಕಿದವಳ ಹಾಗಿದ್ದಳು.

ಮೊದಲ ವಾರ ಊರಿಗೆ ಹೊಸಬರಾಗಿ ಬಂದವರಿಗೆಲ್ಲ ಕಷ್ಟಕಾಲ. ಶೌಚಾಲಯ ಎಲ್ಲಿದೆ ಎಂದು ಕೇಳಲು ಬಂದ ಪ್ರವಾಸಿ ಹೆಂಗಸಿಗೆ ಹುಯಿಯಾ ಚಹಾ ಕೊಟ್ಟು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದಳು. ಸಾಬೂನು ಮಾರುವವನೊಬ್ಬ ಐದು ಡಾಲರು ಆಡಿ ಎದ್ದಾಗ, "ನಿಮ್ಮ ಮಿತಿ ನಿಮಗೆ ಗೊತ್ತು, ಬಹಳ ಸಂತೋಷ" ಎಂದು ಅವನ ಬೂಟುಗಳನ್ನು ದಿಟ್ಟಿಸುತ್ತಾ ಹೇಳಿದಳು. ಬೂಟಿಗೆ ಕೆಸರಿಲ್ಲದವರೆಲ್ಲ ಸರ್ಕಾರದವರು ಎಂಬುದು ಆಗ ಅವಳ ಲೆಕ್ಕ.

ಆಮೇಲೆ ಲೆಸ್ಟರ್ ಮಿಲ್ನ್ ಬಂದ.

ಒಂದು ಸೋಮವಾರ ಹನ್ನೊಂದಕ್ಕೆ ಬಾಗಿಲು ತೆರೆದಾಗ ಹೊರಗೆ ನಿಂತಿದ್ದ. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೆಸರಿಲ್ಲದ ಬೂಟು. ಏಳನೇ ಯಂತ್ರದ ಮುಂದೆ ಕೂತವನು ಎರಡೂವರೆ ಗಂಟೆ ಏಳಲಿಲ್ಲ. ಆಮೇಲೆ ಎದ್ದು ಎಟಿಎಮ್ಮಿಗೆ ಹೋಗಿ ಬಂದ. ಮತ್ತೆ ಹೋಗಿ ಬಂದ. ಮೂರನೇ ಸಲ ಹೋಗುವಾಗ ಹುಯಿಯಾ ನನ್ನ ಕಿಟಕಿಗೆ ಬಂದಳು.

"ಮೊಯಿರಾ, ಇವನೇ."

"ಹೇಗೆ ಗೊತ್ತು?"

"ಕಾರ್ಡು ನೋಡು. ಮೊದಲು ಕೂತ, ಆಮೇಲೆ ಎಟಿಎಮ್ಮು. ಮುಂದಿನದು ಊಟ ಬಿಡೋದು. ನೀನು ಹೋಗಿ ಊಟ ಬೇಕಾ ಕೇಳು."

ಹೋಗಿ ಕೇಳಿದೆ. ಹಸಿವಿಲ್ಲ ಎಂದ. ಹುಯಿಯಾ ಕಣ್ಣು ಹೊಡೆದಳು.

ಎರಡನೇ ದಿನ ಅವನು ಯಂತ್ರದ ಜೊತೆ ಮಾತಾಡಿದ. ಮೆಲ್ಲಗೆ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. ಮೂರನೇ ದಿನ ಅದರ ಪಕ್ಕೆಗೆ ಗುದ್ದಿದ. "ಕಾರ್ಡಿನ ಕ್ರಮದಲ್ಲೇ ಮಾಡ್ತಿದ್ದಾನೆ ಕಣೇ! ಬಾಯಿಪಾಠ ಮಾಡ್ಕೊಂಡು ಬಂದಿದ್ದಾನೆ," ಎಂದು ಹುಯಿಯಾ ನನ್ನ ಮೇಜಿಗೆ ತಟ್ಟಿ ನಕ್ಕಳು. ಅವಳೂ ಹಿಂದೆ ಬೀಳಲಿಲ್ಲ. ಅವನು ಒಂದು ಹೆಜ್ಜೆ ಹಾಕಿದರೆ ಕಾರ್ಡಿನ ಹಿಂಬದಿಯಿಂದ ಇವಳೊಂದು ಹೆಜ್ಜೆ ಹಾಕಿದಳು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, "ಬಹಳ ಹೊತ್ತಾಯ್ತು ನೀವು ಬಂದು. ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬರೋಣ್ವಾ?" ಎಂದಳು. ಚಹಾ ತಂದುಕೊಟ್ಟು, ರಾತ್ರಿ ನಿದ್ದೆ ಬರುತ್ತಾ ಎಂದು ವಿಚಾರಿಸಿದಳು. ಸ್ಕೋನು ಎಂಬ ದಪ್ಪ ಬನ್ನಿಗೆ ಬೆಣ್ಣೆ ಹಚ್ಚಿ ತಟ್ಟೆಯನ್ನು ಗುಂಡಿಗಳ ಮೇಲೆಯೇ ಇಟ್ಟಳು, ಒತ್ತಲು ಬರದ ಹಾಗೆ. ಪುಸ್ತಕದಲ್ಲಿ ಪ್ರತಿಯೊಂದನ್ನೂ ಗಂಟೆ ನಿಮಿಷದ ಸಮೇತ ಬರೆದಳು.

ಲೆಸ್ಟರ್ ಮೊದಮೊದಲು ಮುಖ ತಿರುಗಿಸುತ್ತಿದ್ದ. ನಾಲ್ಕನೇ ದಿನ ಸ್ಕೋನು ತಿಂದ. ತಿನ್ನುತ್ತಾ ಯಂತ್ರಗಳ ಕಡೆ ಕೈ ತೋರಿಸಿ, "ನಿಮಗೆ ಗೊತ್ತಾ, ಈ ಒಂಬತ್ತೂ ಒಂದೇ ಶ್ರುತಿಯಲ್ಲಿವೆ. ಎಲ್ಲ ಒಟ್ಟಿಗೆ ಕೂಗಿದ್ರೂ ಅಪಸ್ವರ ಬರಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ," ಎಂದ.

ಆರು ವರ್ಷದಿಂದ ಆ ಕೋಣೆಯಲ್ಲಿದ್ದ ಹುಯಿಯಾಳಿಗೆ ಅದು ಗೊತ್ತಿರಲಿಲ್ಲ. ನೇರ ನನ್ನ ಹತ್ತಿರ ಬಂದಳು. "ಮೊಯಿರಾ, ಇದೆಲ್ಲ ಸಾಮಾನ್ಯ ಗಿರಾಕಿಗೆ ಗೊತ್ತಿರುತ್ತಾ? ಇವನು ಮೇಲಧಿಕಾರಿನೇ ಇರಬೇಕು."

ಐದನೇ ದಿನ ಅವನು ಬಾರಿನ ಹುಡುಗಿಯ ಹತ್ತಿರ ಇಪ್ಪತ್ತು ಡಾಲರು ಸಾಲ ಕೇಳಿದ. ಮುಂದಿನ ವಾರ, ಮಂಗಳವಾರ, ಹುಯಿಯಾಳನ್ನು ಹತ್ತಿರ ಕರೆದು, "ಚರ್ಚಿನವರು ಯಾರಾದ್ರೂ ಕೇಳಿದ್ರೆ ನಾನು ಇಲ್ಲಿಗೆ ಬಂದಿಲ್ಲ ಅನ್ನಿ," ಎಂದ. ಪಟ್ಟಿ ಮುಗಿಯಿತು.

ಮರುದಿನ, ಬುಧವಾರ ಮಧ್ಯಾಹ್ನ, ಅವಳು ಕಡೆಯ ಹೆಜ್ಜೆ ಹಾಕಿದಳು. ನಮ್ಮಲ್ಲಿ ಒಂದು ಫಾರಂ ಇದೆ. 'ಇಂಥ ದಿನದವರೆಗೆ ನನ್ನನ್ನು ಯಂತ್ರಗಳ ಕೋಣೆಯೊಳಗೆ ಬಿಡಬೇಡಿ' ಎಂದು ಗಿರಾಕಿಯೇ ಸಹಿ ಮಾಡಿಕೊಡುವುದು, ಜೊತೆಗೆ ಅವನದೊಂದು ಫೋಟೋ. ಅದನ್ನು ಹಿಡಿದು ಅವನ ಪಕ್ಕದಲ್ಲಿ ಕೂತಳು. ಕೋಣೆಯಲ್ಲಿ ಆಗ ಇದ್ದದ್ದು ಇನ್ನೊಬ್ಬಳೇ, ಕೆಂಪು ಮಫ್ಲರಿನ ಹೆಂಗಸು, ಒಂದನೇ ಯಂತ್ರದ ಮುಂದೆ. ಬಸ್ಸಿಗೆ ಕಾಯುತ್ತಿರುವವಳು ಎಂದುಕೊಂಡಿದ್ದೆ. ಎರಡು ತಟ್ಟೆ ಆಲೂ ಚಿಪ್ಸ್ ನಾನೇ ಅವಳಿಗೆ ಕೊಟ್ಟಿದ್ದೆ.

ಲೆಸ್ಟರ್ ಫಾರಮನ್ನು ನೋಡಿ ಬಿಳಿಚಿಕೊಂಡ.

"ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಇಲ್ಲ."

"ಸುಳ್ಳು. ಮೊದಲನೇ ದಿನದಿಂದ ನೋಡ್ತಿದ್ದೀನಿ. ಬೇರೆ ಯಾರ ಹತ್ರಾನೂ ನೀವು ಕೂರಲ್ಲ. ಬೇರೆಯವನು ಗುಂಡಿ ಒತ್ತಿ ಒತ್ತಿ ಸತ್ರೂ ಸರಿ, ಅವನ ಕಡೆ ತಿರುಗಲ್ಲ. ನನಗೆ ಮಾತ್ರ ಸ್ಕೋನು. ನಮ್ಮಕ್ಕ ಫೋನು ಮಾಡಿದ್ಲಾ? ಪಾದ್ರಿ ಹೇಳಿದ್ನಾ?"

ಹುಯಿಯಾಳಿಗೆ ನಟನೆ ಅತಿಯಾಯಿತು ಅನಿಸಿತು. ನಗುತ್ತಾ ಅವನ ತೋಳು ತಟ್ಟಿದಳು. "ಸಾಕು ಬಿಡಿ ಸ್ವಾಮಿ. ಪಟ್ಟಿ ಮುಗೀತು, ನಾನೂ ಒಂದೂ ಬಿಡದೆ ಮಾಡಿದ್ದೀನಿ. ಈಗ ಹೇಳಿ, ಪಾಸಾ, ಫೇಲಾ?"

"ಏನು ಪಾಸು?"

"ಪರೀಕ್ಷೆ. ನೀವು ಸರ್ಕಾರದವರು ಅಂತ ಸೋಮವಾರವೇ ಗೊತ್ತಾಯ್ತು ನಂಗೆ."

ಅವನು ಗುಂಡಿಯ ಮೇಲಿಂದ ಕೈ ತೆಗೆದ. ಏಳನೇ ಯಂತ್ರ ತನ್ನ ಪಾಡಿಗೆ ಒಂದು ಸಣ್ಣ ರಾಗ ಹಾಡಿ ಸುಮ್ಮನಾಯಿತು.

"ನಾನು ಆರ್ಗನ್ ವಾದ್ಯ ರಿಪೇರಿ ಮಾಡೋನು," ಎಂದ. "ನಿಮ್ಮೂರ ಚರ್ಚಿನ ಆರ್ಗನ್ ಸರಿ ಮಾಡೋಕೆ ಮೂರು ವಾರಕ್ಕೆ ಅಂತ ಬಂದೆ. ದುಡ್ಡು ಮೊದಲೇ ಕೊಟ್ಟುಬಿಟ್ರು. ಇನ್ನೂ ಅದರ ಮುಚ್ಚಳ ಕೂಡ ತೆಗೆದಿಲ್ಲ."

ಹುಯಿಯಾ ಫಾರಮನ್ನು ಮಡಚಿಕೊಂಡಳು.

"ಹಾಗಾದ್ರೆ ಚಹಾ, ಸ್ಕೋನು, ನಿದ್ದೆ ಬರುತ್ತಾ ಅಂತ ಕೇಳಿದ್ದು, ಎಲ್ಲ ನಾನು ಸಾಹೇಬ ಅಂತ?"

ಇಲ್ಲ ಎನ್ನಬಹುದಿತ್ತು. ನಾನಾಗಿದ್ದರೆ ಇಲ್ಲ ಎನ್ನುತ್ತಿದ್ದೆ. ಅವಳು, "ಹೌದು," ಎಂದಳು.

"ಮೂವತ್ತು ವರ್ಷದಲ್ಲಿ," ಎಂದ ಅವನು, ಟೋಪಿ ಎತ್ತಿಕೊಳ್ಳುತ್ತಾ, "ಇಂಥ ಎಷ್ಟು ಕೋಣೆಗಳಲ್ಲಿ ಕೂತಿದ್ದೀನೋ ಲೆಕ್ಕ ಇಲ್ಲ. ನಿದ್ದೆ ಬರುತ್ತಾ ಅಂತ ಕೇಳಿದೋರು ನೀವೊಬ್ರೇ. ನಿಮ್ಮನ್ನ ನಂಬೋಕೆ ಶುರು ಮಾಡಿದ್ದೆ." ಅಷ್ಟು ಹೇಳಿ ಎದ್ದು ಹೊರಟ. ಅವನು ರಸ್ತೆ ದಾಟಿ ಎದುರಿನ ಪಬ್ಬಿಗೆ ಹೋದದ್ದು ನನ್ನ ಹಿಂಬಾಗಿಲಿನಿಂದ ಕಂಡಿತು. ಅಲ್ಲೂ ಯಂತ್ರಗಳಿವೆ.

ಹುಯಿಯಾ ಅಡುಗೆಮನೆಗೆ ಬಂದು ಬೋರಲಿಟ್ಟ ಎಣ್ಣೆ ಡಬ್ಬದ ಮೇಲೆ ಕೂತಳು. ಮುಖ ತೊಗಲಿನ ಹಾಗೆ ಬಿಗಿದಿತ್ತು.

"ಇದೂ ಪರೀಕ್ಷೆಯ ಭಾಗ ಇರಬಹುದಾ?" ಎಂದಳು.

"ಹುಯಿಯಕ್ಕಾ!"

"ಇಲ್ಲ ಕಣೇ, ಕೇಳಿದೆ ಅಷ್ಟೆ." ತನ್ನ ಉಗುರು ನೋಡಿಕೊಳ್ಳುತ್ತಾ ಹೇಳಿದಳು, "ಅವನ ಕೈ ನೋಡಿದ್ದೆ ಮೊಯಿರಾ. ಉಗುರೆಲ್ಲ ಕಚ್ಚಿ ರಕ್ತ ಬಂದಿತ್ತು. ಸರ್ಕಾರದೋರು ಅಷ್ಟು ದೂರ ಹೋಗಲ್ಲ. ಅದನ್ನ ಎರಡನೇ ದಿನವೇ ನೋಡಿದ್ದೆ. ನೋಡಿನೂ ಎಷ್ಟು ಚೆನ್ನಾಗಿ ವೇಷ ಹಾಕಿದ್ದಾನೆ ಅಂತ ಮೆಚ್ಚಿಕೊಂಡೆ."

ಐದು ಗಂಟೆಗೆ ಪಾಳಿ ಮುಗಿಸಿ, ಪಬ್ಬಿನ ಹೆಸರಿರುವ ಅಂಗಿ ಬಿಚ್ಚಿ ಚೀಲಕ್ಕೆ ತುರುಕಿ, ಮಾತಿಯುವಿನ ಹಳೆಯ ಸ್ವೆಟರು ಹಾಕಿಕೊಂಡು ಅವಳು ಎದುರಿನ ಪಬ್ಬಿಗೆ ಹೋದಳು. ಲೆಸ್ಟರ್ ಅಲ್ಲಿ ಮೂಲೆಯ ಯಂತ್ರದ ಮುಂದಿದ್ದ. ಪಕ್ಕದಲ್ಲಿ ಕೂತಳು. ಅವನು ತಿರುಗಿ ನೋಡಲಿಲ್ಲ.

"ಇದು ಯಾವ ಪರೀಕ್ಷೆ?" ಎಂದ.

"ಈಗ ನಂಗೆ ಸಂಬಳ ಇಲ್ಲ. ಈ ಪಬ್ಬು ನಮ್ಮದೂ ಅಲ್ಲ. ಇಲ್ಲಿ ನಾನು ಕೂತ್ಕೊಂಡ್ರೆ ನಮ್ಮ ರಸ್ಸೆಲ್ ಬೈತಾನೆ."

"ಹಾಗಾದ್ರೆ ಯಾಕೆ ಬಂದ್ರಿ?"

"ನಿನ್ನೆ ರಾತ್ರಿ ನಿದ್ದೆ ಬಂತಾ ಅಂತ ಕೇಳೋಕೆ."

ಅವನು ಗುಂಡಿ ಒತ್ತಿದ. ಮತ್ತೆ ಒತ್ತಿದ. ಏನು ಹೇಳಬೇಕೆಂದು ಹುಯಿಯಾಳಿಗೂ ತೋಚಲಿಲ್ಲವಂತೆ. ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ಆಗಲೇ ಖರ್ಚು ಮಾಡಿದ್ದಳಲ್ಲ. ಕಡೆಗೆ ಯಂತ್ರದೊಳಗಿದ್ದ ದುಡ್ಡು ಮುಗಿದು ಪರದೆ ಖಾಲಿಯಾಯಿತು. ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು.

"ಆ ಫಾರಂ ಇದೆಯಾ?" ಎಂದು ಕೇಳಿದ.

"ಇದೆ. ಊರಿನ ಮೂರೂ ಪಬ್ಬಿಗೆ, ಎರಡು ವರ್ಷ."

"ನೀವು ಕಮಿಷನ್ ತಗೋತೀರಾ ಇದಕ್ಕೆ?"

"ತಲೆಗಿಷ್ಟು ಅಂತ," ಎಂದಳು ಹುಯಿಯಾ. "ನಾಳೆ ಕಾರು ತಗೋತೀನಿ."

ಅವನು ನಗಲಿಲ್ಲ, ಆದರೆ ಪೆನ್ನು ಕೇಳಿದ. ಹೊರಗೆ ಕತ್ತಲಾಗಿತ್ತು. ಕಾರು ನಿಲ್ಲಿಸುವ ಜಾಗದ ದೀಪದ ಕೆಳಗೆ ಅವನನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಅವಳು ತನ್ನ ಫೋನಿನಲ್ಲಿ ಫೋಟೋ ತೆಗೆದಳು. ಮೊದಲನೆಯದರಲ್ಲಿ ಕಣ್ಣು ಮುಚ್ಚಿದ್ದ. ಬೇಕಂತಲೇ ಮುಚ್ಚಿದನೇನೋ ಎಂದು ಇನ್ನೂ ನಾಲ್ಕು ತೆಗೆದಳು.

ಮರುದಿನ ಅವನು ಚರ್ಚಿಗೆ ಹೋದ. ಕೆಲಸ ಮಾಡುತ್ತಿದ್ದಾನೋ ಇಲ್ಲವೋ ಎಂದು ಹುಯಿಯಾ ದಿನಾ ಊಟದ ವಿರಾಮದಲ್ಲಿ ಚರ್ಚಿನ ಹೊರಗೆ ನಿಂತು ಕಿವಿಗೊಡುತ್ತಿದ್ದಳು. ಒಂದೇ ಸ್ವರ, ಉದ್ದಕ್ಕೆ, ತಾಸುಗಟ್ಟಲೆ. "ದನ ಕೂಗಿದ ಹಾಗೆ ಕೇಳುತ್ತೆ. ಆದ್ರೂ ಒಳಗಿದ್ದಾನೆ ಅನ್ನೋದು ಖಾತ್ರಿ," ಎನ್ನುತ್ತಿದ್ದಳು.

ಎಂಟನೇ ದಿನ ಸ್ವರ ಕೇಳಲಿಲ್ಲ. ಅವಳು ಓಡುತ್ತಾ ವಾಪಸು ಬಂದಾಗ ನಮ್ಮ ಕೋಣೆಯಲ್ಲೇ, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು, ಏಳನೇ ಯಂತ್ರದ ಮುಂದೆ ಕೂತಿದ್ದ.

"ಲೆಸ್ಟರ್. ಹೊರಗೆ."

"ಹತ್ತು ಡಾಲರು ಅಷ್ಟೆ."

"ಏಳಿ."

"ನೀವ್ಯಾರು ಹೇಳೋಕೆ? ಸರ್ಕಾರಕ್ಕೆ ಹೆದರಿ ಸ್ಕೋನು ಕೊಟ್ಟೋಳು ನೀನು! ನಿನ್ನ ಮಾತು ಕೇಳಬೇಕಾ ನಾನು?"

ಬಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಯಿಯಾಳ ಕೊರಳು ಕೆಂಪಾಯಿತು. ಅವಳು ಬಗ್ಗಿ ಗೋಡೆಯಲ್ಲಿದ್ದ ಪ್ಲಗ್ ಕಿತ್ತಳು. ಯಂತ್ರ ಆರಿ ಕಪ್ಪಾಯಿತು. ಹಾಗೆ ಮಾಡಲು ನಿಯಮದಲ್ಲಿ ಅವಕಾಶವಿಲ್ಲ.

"ಹೌದು, ಹೆದರಿ ಕೊಟ್ಟೆ," ಎಂದಳು. "ಈಗ ಹೆದರಿಕೆ ಇಲ್ಲ. ಏಳಿ, ಚರ್ಚಿನವರೆಗೆ ಜೊತೆಗೆ ಬರ್ತೀನಿ."

ಬೈಯುತ್ತಲೇ ಎದ್ದ. ದಾರಿಯುದ್ದಕ್ಕೂ ಬೈದನಂತೆ. ಚರ್ಚಿನ ಬಾಗಿಲಲ್ಲಿ ಬೈಯುವುದು ನಿಲ್ಲಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವರ ಮತ್ತೆ ಹೊರಡುವವರೆಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದು ಬಂದಳು.

ಸರ್ಕಾರದ ಪತ್ರ ಬಂದದ್ದು ಜುಲೈಯಲ್ಲಿ. ನಮ್ಮ ಪಬ್ಬಿಗೆ ಪರೀಕ್ಷಕಿ ಬಂದು ಹೋಗಿದ್ದಳು, ಅದೇ ಬುಧವಾರ, ಕೆಂಪು ಮಫ್ಲರ್ ಹಾಕಿಕೊಂಡು. ಮೂರು ಗಂಟೆ ಆಡಿದರೂ ತನ್ನನ್ನು ಯಾರೂ ಮಾತಾಡಿಸಲಿಲ್ಲ, ಕೋಣೆಯ ಕೆಲಸದವಳು ಒಬ್ಬನೇ ಒಬ್ಬ ಗಿರಾಕಿಯ ಪಕ್ಕ ಕೂತು ಹರಟುತ್ತಿದ್ದಳು ಎಂದು ಬರೆದಿದ್ದಳು. ರಸ್ಸೆಲ್ ಪತ್ರವನ್ನು ಹುಯಿಯಾಳ ಮುಂದೆ ಹಿಡಿದ.

"ಆ ಮುದುಕನಿಗೂ ನಿನಗೂ ಏನು?"

ಹುಯಿಯಾ ಅವನನ್ನು ನೋಡಿದ ನೋಟಕ್ಕೆ ನಾನಾಗಿದ್ದರೆ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದೆ. "ಪುಸ್ತಕ ತೆಗೆದು ಓದು," ಎಂದಳು. ಅವನು ಓದಿದ. 'ಎಲ್ಲರೂ ಆರಾಮ' ಎಂಬ ನೂರಾರು ಸಾಲುಗಳ ನಡುವೆ ಲೆಸ್ಟರನ ದಿನಗಳು ಪುಟ ಪುಟವಾಗಿ ತುಂಬಿದ್ದವು. ಅವನು ಪುಸ್ತಕ ಮುಚ್ಚಿಟ್ಟ. ಅವಳಿಗೆ ಎಚ್ಚರಿಕೆಯ ಪತ್ರ ತಪ್ಪಲಿಲ್ಲ. ನಮ್ಮ ಯಂತ್ರಗಳು ಐದು ದಿನ ನಿಂತವು. ಊರಿನಲ್ಲಿ ಕೆಲವರು ಇವತ್ತಿಗೂ, ಹುಯಿಯಾಳಿಗೂ ಆ ಆರ್ಗನ್ನಿನವನಿಗೂ ಏನೋ ಇತ್ತು ಎನ್ನುತ್ತಾರೆ. ಮಾತಿಯು ಮಾತ್ರ, "ಇದ್ರೆ ಅವನೇ ಪಾಪ," ಎಂದು ನಗುತ್ತಾನೆ.

ಲೆಸ್ಟರ್ ಕೆಲಸ ಮುಗಿಸಿ, ಬಸ್ಸು ಹತ್ತಿ ದಕ್ಷಿಣದಲ್ಲಿರುವ ಅಕ್ಕನ ಮನೆಗೆ ಹೋದ. ಹೋಗುವಾಗ ಪಬ್ಬಿನೊಳಗೆ ಬರುವ ಹಾಗಿರಲಿಲ್ಲ. ನನ್ನ ಹಿಂಬಾಗಿಲಿಗೆ ಬಂದು ತನ್ನ ಫೋನ್ ನಂಬರು ಬರೆದ ಚೀಟಿ ಕೊಟ್ಟು, "ಅವರಿಗೆ ಕೊಡಿ. ನಂಬರು ಸರಿಯಾಗಿದೆ, ಪರೀಕ್ಷೆ ಮಾಡಿ ನೋಡ್ಲಿ," ಎಂದ.

ಹುಯಿಯಾ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಅವನಿಗೆ ಫೋನು ಮಾಡುತ್ತಾಳೆ. ಹೋದ ವಾರ ನಮ್ಮ ಮನೆಗೆ ಬಂದಿದ್ದಾಗಲೇ ಮಾಡಿದಳು. ಮಾತು ಮುಗಿಸಿದ ಮೇಲೆ ಹೇಗಿದ್ದಾನೆ ಎಂದು ಕೇಳಿದೆ.

"ಚೆನ್ನಾಗಿದ್ದೀನಿ ಅಂದ. ಮುಟ್ಟಿಲ್ಲ ಅಂದ. ಅಕ್ಕನ ತೋಟದಲ್ಲಿ ಬಟಾಣಿ ಬಿಡಿಸ್ತಿದ್ದೀನಿ ಅಂದ."

"ಮತ್ತಿನ್ನೇನು?"

"ಈ ತಿಂಗಳಲ್ಲಿ ಆ ಕಡೆ ಬಟಾಣಿ ಎಲ್ಲಿ ಬಿಡುತ್ತೆ, ಮೊಯಿರಾ?" ಎಂದಳು. ಚಹಾ ಆರಲು ಬಿಟ್ಟು, ಮತ್ತೆ ಅದೇ ನಂಬರು ಒತ್ತಿದಳು.